ಅಡಮಾನದ ಮನೆ, ಅಮಾಯಕ ಖರೀದಿದಾರ: ಮೋಸ ಹೋಗದಿರಲು ತಿಳಿದಿರಬೇಕಾದ ಸಂಗತಿಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಹಿರಿಯರ ಮಾತು. ಇಂದು ನಗರಗಳಲ್ಲಿ ಮನೆ ಕಟ್ಟುವವರಿಗಿಂತ ಕಟ್ಟಿದ ಮನೆಯನ್ನೋ ಫ್ಲ್ಯಾಟನ್ನೋ ಕೊಳ್ಳುವವರೇ ಹೆಚ್ಚು. ಜೀವಮಾನದ ಉಳಿತಾಯ, ಊರಿನ ಜಮೀನು ಮಾರಿದ ಹಣ, ಮೇಲೆ ಇಪ್ಪತ್ತು ವರ್ಷಗಳ ಗೃಹಸಾಲ - ಇವೆಲ್ಲವನ್ನೂ ಒಂದೇ ವ್ಯವಹಾರದಲ್ಲಿ ತೊಡಗಿಸುವ ಮಧ್ಯಮ ವರ್ಗದ ಕುಟುಂಬವೊಂದು, ತಾನು ಕೊಂಡ ಮನೆ ಅದಾಗಲೇ ಯಾವುದೋ ಬ್ಯಾಂಕಿನಲ್ಲಿ ಅಡವಿದೆ ಎಂಬ ಸಂಗತಿಯನ್ನು ಗೃಹಪ್ರವೇಶವಾದ ಮೇಲೆ ತಿಳಿಯುವುದಕ್ಕಿಂತ ದೊಡ್ಡ ಆಘಾತ ಬೇರೊಂದಿಲ್ಲ. ಇಂತಹ ವಂಚನೆ ಹೇಗೆ ನಡೆಯುತ್ತದೆ, ಕಾನೂನು ಏನು ಹೇಳುತ್ತದೆ, ಮುಂಗಡ ಕೊಡುವ ಮುನ್ನ ಯಾವ ಯಾವ ದಾಖಲೆಗಳನ್ನು ಪರಿಶೀಲಿಸಬೇಕು ಎಂಬುದರ ವಿವರ ಇಲ್ಲಿದೆ.

ವಂಚನೆಯ ಸ್ವರೂಪ

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಹೊರವಲಯದಲ್ಲಿ 60 ಲಕ್ಷ ರೂಪಾಯಿಗೆ ಒಂದು ಫ್ಲ್ಯಾಟ್ ಮಾರಾಟಕ್ಕಿದೆ. ಮಾರಾಟಗಾರ ಕ್ರಯಪತ್ರದ ಬಣ್ಣದ ನಕಲನ್ನು ತೋರಿಸುತ್ತಾನೆ. ಮೂಲಪತ್ರ ಎಲ್ಲಿ ಎಂದು ಕೇಳಿದರೆ 'ಬ್ಯಾಂಕ್ ಲಾಕರ್‌ನಲ್ಲಿದೆ, ನೋಂದಣಿಯ ದಿನ ತರುತ್ತೇನೆ' ಎನ್ನುತ್ತಾನೆ. ಋಣಭಾರ ಪತ್ರದಲ್ಲಿ ಯಾವ ಸಾಲದ ಉಲ್ಲೇಖವೂ ಇಲ್ಲ. ಖಾತೆ, ಕಂದಾಯ ರಸೀದಿ ಎಲ್ಲವೂ ಆತನ ಹೆಸರಿನಲ್ಲೇ ಇವೆ. ವ್ಯವಹಾರ ಕುದುರುತ್ತದೆ, ನೋಂದಣಿಯೂ ಆಗುತ್ತದೆ. ಕೆಲವು ತಿಂಗಳ ನಂತರ ಮನೆಯ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಲಾಗುತ್ತದೆ. ಹಳೆಯ ಮಾಲೀಕ ಅದೇ ಫ್ಲ್ಯಾಟಿನ ಮೇಲೆ 35 ಲಕ್ಷ ರೂಪಾಯಿ ಸಾಲ ಪಡೆದು ಕಂತು ಕಟ್ಟದೆ ಬಿಟ್ಟಿದ್ದಾನೆ. ಮೂಲಪತ್ರ ಲಾಕರ್‌ನಲ್ಲಿ ಇದ್ದುದೇನೋ ನಿಜ. ಆದರೆ ಅದು ಆತನ ಲಾಕರ್ ಅಲ್ಲ, ಸಾಲ ಕೊಟ್ಟ ಬ್ಯಾಂಕಿನ ಭದ್ರತಾ ಕೊಠಡಿ.

ಇದು ಒಂದು ಬಗೆ. ಒಂದೇ ಸ್ವತ್ತಿನ ನಕಲಿ ಪತ್ರಗಳನ್ನು ಸೃಷ್ಟಿಸಿ ಎರಡು ಮೂರು ಬ್ಯಾಂಕುಗಳಲ್ಲಿ ಸಾಲ ಎತ್ತುವುದು, ಸಾಲ ತೀರಿದೆ ಎಂದು ಖೋಟಾ ತೀರುವಳಿ ಪತ್ರ ತೋರಿಸುವುದು, ಬಡಾವಣೆಯ ಇಡೀ ಜಮೀನನ್ನು ಅಡವಿಟ್ಟು ನಿವೇಶನಗಳನ್ನು ಬಿಡಿಬಿಡಿಯಾಗಿ ಮಾರುವುದು, ಖರೀದಿದಾರನ ಹೆಸರಿನಲ್ಲಿ ಮಂಜೂರಾದ ಸಾಲದ ಹಣವನ್ನು ಕಟ್ಟಡ ಏಳುವ ಮೊದಲೇ ಬಿಲ್ಡರ್ ಪಡೆದುಕೊಳ್ಳುವುದು - ಹೀಗೆ ಇದರ ರೂಪಗಳು ಹಲವು.

ಕಾನೂನು ಯಾರ ಪರ?

ಅಡಮಾನ ಎಂದರೆ ಕೇವಲ ಸಾಲದ ಭರವಸೆಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಪ್ರಕಾರ ಅದು ಸ್ಥಿರಾಸ್ತಿಯಲ್ಲಿನ ಹಿತಾಸಕ್ತಿಯನ್ನೇ ಸಾಲಿಗನಿಗೆ ವರ್ಗಾಯಿಸುವ ಕ್ರಮ. ಆದ್ದರಿಂದ ಸ್ವತ್ತು ಕೈಬದಲಾದರೂ ಅದರ ಮೇಲಿನ ಋಣ ಸ್ವತ್ತಿನ ಜೊತೆಗೇ ಸಾಗುತ್ತದೆ. 'ನಾನು ಹಣ ಕೊಟ್ಟು ಕೊಂಡಿದ್ದೇನೆ, ನನಗೆ ಸಾಲದ ವಿಷಯ ತಿಳಿದಿರಲಿಲ್ಲ' ಎಂಬ ವಾದಕ್ಕೆ ಬಹಳ ಸಲ ಬೆಲೆ ಸಿಗುವುದಿಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಅದೇ ಕಲಮಿನ ಎಫ್ ಉಪಕಲಮು. ಹಕ್ಕುಪತ್ರಗಳನ್ನು ಸಾಲಿಗನ ವಶಕ್ಕೆ ಒಪ್ಪಿಸಿದ ಮಾತ್ರದಿಂದಲೇ ಅಡಮಾನ ಏರ್ಪಡುತ್ತದೆ. ಬ್ಯಾಂಕುಗಳ ಗೃಹಸಾಲಗಳಲ್ಲಿ ಹೆಚ್ಚಿನವು ಈ ಬಗೆಯವು. ಪತ್ರ ಒಪ್ಪಿಸಿದ ಸಂಗತಿಯನ್ನು ಮುಂದೆ ಕೇವಲ ದಾಖಲಿಸಿಕೊಂಡ ಪಕ್ಷದಲ್ಲಿ ಅದರ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾಗದಿದ್ದರೆ ಅದು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಕ್ಕೆ ಏರುವುದಿಲ್ಲ. ಏರದ ವ್ಯವಹಾರ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮೇಲಿನ ನಿದರ್ಶನದ ಖರೀದಿದಾರ ಮೋಸ ಹೋದದ್ದು ಇಲ್ಲಿಯೇ.

ಸಾಲ ಮರುಪಾವತಿಯಾಗದಿದ್ದರೆ 2002ರ ಸರ್ಫೇಸಿ ಕಾಯ್ದೆಯ ಅನ್ವಯ ಬ್ಯಾಂಕು ಸಾಲಗಾರನಿಗೆ 60 ದಿನಗಳ ನೋಟಿಸ್ ನೀಡಿ, ಬಳಿಕ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಸ್ವತ್ತನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ನೋಟಿಸ್ ತಲುಪಿದ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಸ್ವತ್ತನ್ನು ಮಾರುವುದಕ್ಕೂ ಕಾಯ್ದೆ ತಡೆ ಒಡ್ಡುತ್ತದೆ.

ಋಣಭಾರ ಪತ್ರ: ಅಗತ್ಯ, ಆದರೆ ಸಾಲದು

ಋಣಭಾರ ಪತ್ರವನ್ನು ಜನ ಇ.ಸಿ. ಎಂದೇ ಕರೆಯುತ್ತಾರೆ. ನಿರ್ದಿಷ್ಟ ಅವಧಿಯಲ್ಲಿ ಸ್ವತ್ತಿಗೆ ಸಂಬಂಧಿಸಿ ನೋಂದಣಿಯಾದ ಕ್ರಯ, ದಾನ, ವಿಭಾಗ, ಅಡಮಾನ ಮುಂತಾದ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ, ಯಾವುದೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಇದನ್ನು ನೀಡಲಾಗುತ್ತದೆ. ರಾಜ್ಯದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ದಾಖಲೆಗಳನ್ನು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಮನೆಯಲ್ಲಿಯೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನ ಅವಧಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳ ಶೋಧನೆ ಆಗಬೇಕು. ಹದಿಮೂರು ವರ್ಷಗಳ ಪತ್ರ ಸಾಕೆಂಬ ಹಳೆಯ ರೂಢಿಯೊಂದಿದೆ. ಆದರೆ ಮೂವತ್ತು ವರ್ಷಗಳ ಪತ್ರವನ್ನು ನೋಡುವುದೇ ಕ್ಷೇಮ.

ಪತ್ರ ಪಡೆಯುವಾಗ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಮಾರಾಟಗಾರ ಕೊಟ್ಟ ಪ್ರತಿಯನ್ನು ನಂಬದೆ ಸ್ವತಃ ಅರ್ಜಿ ಹಾಕಿ ಪಡೆಯುವುದು. ಎರಡನೆಯದು, ಸರ್ವೆ ನಂಬರು, ನಿವೇಶನದ ಸಂಖ್ಯೆ, ವಿಸ್ತೀರ್ಣ ಮತ್ತು ಚೆಕ್ಕುಬಂದಿಯನ್ನು ಕ್ರಯಪತ್ರದಲ್ಲಿರುವಂತೆಯೇ ನಮೂದಿಸುವುದು. ಒಂದು ಅಂಕಿ ತಪ್ಪಿದರೂ ನಿಜವಾದ ವ್ಯವಹಾರ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಬಡಾವಣೆಯ ನಿವೇಶನವಾದರೆ ನಿವೇಶನದ ಸಂಖ್ಯೆಯ ಜೊತೆಗೆ ಮೂಲ ಸರ್ವೆ ನಂಬರಿಗೂ ಪ್ರತ್ಯೇಕ ಪತ್ರ ಪಡೆಯಬೇಕು. ಭೂಪರಿವರ್ತನೆಗೆ ಮುಂಚಿನ ಪಹಣಿಯ 11ನೇ ಕಾಲಂ ಕೂಡ ನೋಡತಕ್ಕದ್ದು. ಸಹಕಾರ ಸಂಘ ಅಥವಾ ಬ್ಯಾಂಕಿನಿಂದ ಜಮೀನಿನ ಮೇಲೆ ಪಡೆದ ಸಾಲಗಳ ನಮೂದು ಇರುವುದು ಅಲ್ಲಿಯೇ.

ಸೆರ್ಸಾಯ್ ದಾಖಲೆ

ಹಕ್ಕುಪತ್ರ ಒಪ್ಪಿಸಿ ಪಡೆದ ಸಾಲಗಳು ಕಣ್ಣಿಗೆ ಬೀಳದಿರುವ ಈ ಕೊರತೆಯನ್ನು ತುಂಬಲು ಕೇಂದ್ರ ಸರ್ಕಾರ 2011ರ ಮಾರ್ಚ್ 31ರಂದು ಸೆರ್ಸಾಯ್ ಎಂಬ ಸಂಕ್ಷಿಪ್ತನಾಮದ ಕೇಂದ್ರೀಯ ನೋಂದಣಿ ವ್ಯವಸ್ಥೆಯನ್ನು ಆರಂಭಿಸಿತು. ಬ್ಯಾಂಕುಗಳೂ ಗೃಹಸಾಲ ಸಂಸ್ಥೆಗಳೂ ತಾವು ಪಡೆದ ಅಡಮಾನದ ವಿವರವನ್ನು ಇಲ್ಲಿ ದಾಖಲಿಸುತ್ತವೆ. ಸಾರ್ವಜನಿಕರು ಯಾರೇ ಆಗಲಿ ಅಲ್ಪ ಶುಲ್ಕ ತೆತ್ತು ಸ್ವತ್ತಿನ ವಿವರದಿಂದಲೋ ಸಾಲಗಾರನ ಹೆಸರಿನಿಂದಲೋ ಅಂತರ್ಜಾಲದಲ್ಲಿ ಹುಡುಕಬಹುದು.

2016ರಲ್ಲಿ ಅಂಗೀಕಾರವಾಗಿ 2020ರ ಜನವರಿ 24ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಇಲ್ಲಿ ದಾಖಲಾದ ಅಡಮಾನವು ಸಾರ್ವಜನಿಕರಿಗೆ ತಿಳಿದಿದೆ ಎಂದೇ ಕಾನೂನು ಭಾವಿಸುತ್ತದೆ. ಅಂದರೆ ದಾಖಲೆ ಇದ್ದೂ ನೋಡದೆ ಕೊಂಡವನು 'ಗೊತ್ತಿರಲಿಲ್ಲ' ಎನ್ನುವಂತಿಲ್ಲ. ಇಷ್ಟು ಮಹತ್ವದ ಶೋಧನೆಯನ್ನು ಖರೀದಿದಾರರಲ್ಲಿ ಬಹಳಷ್ಟು ಮಂದಿ ಮಾಡಿಸುವುದಿಲ್ಲ ಎಂಬುದು ವಿಷಾದದ ಸಂಗತಿ. ಆದರೂ ಇದೊಂದನ್ನೇ ನೆಚ್ಚುವುದು ತರವಲ್ಲ. ಸ್ವತ್ತಿನ ವಿಳಾಸವನ್ನು ಬ್ಯಾಂಕಿನವರು ಬೇರೆ ರೀತಿಯಲ್ಲಿ ನಮೂದಿಸಿರಬಹುದು. ಖಾಸಗಿ ಲೇವಾದೇವಿದಾರರ ಕೈಸಾಲಗಳು ಇಲ್ಲಿ ಕಾಣದಿರಬಹುದು.

ಮೂಲಪತ್ರವೇ ಮುಖ್ಯ

ಎಲ್ಲ ಪರಿಶೀಲನೆಗಳ ತಾಯಿಬೇರು ಮೂಲ ಹಕ್ಕುಪತ್ರ. ಮಾರಾಟಗಾರನ ಕ್ರಯಪತ್ರವಷ್ಟೇ ಅಲ್ಲದೆ ಆತನಿಗೆ ಮಾರಿದವನ, ಅದಕ್ಕೂ ಹಿಂದಿನವನ ಪತ್ರಗಳನ್ನೂ ಕಣ್ಣಾರೆ ನೋಡಬೇಕು. ಮುಂಗಡ ಕೊಡುವ ಮೊದಲೇ ನೋಡಬೇಕೇ ಹೊರತು ನೋಂದಣಿಯ ದಿನ ಅಲ್ಲ. ಪತ್ರವನ್ನು ವಕೀಲರ ಸಮ್ಮುಖದಲ್ಲಿ ಪರಿಶೀಲಿಸಿ, ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದ ದೃಢೀಕೃತ ನಕಲಿನೊಂದಿಗೆ ಪುಟಪುಟವನ್ನೂ ಹೋಲಿಸುವುದು ಉತ್ತಮ. ದಸ್ತಾವೇಜಿನ ಸಂಖ್ಯೆ, ಮುದ್ರೆ, ಹೆಬ್ಬೆರಳ ಗುರುತು, ಸಾಕ್ಷಿಗಳ ಸಹಿ ಇವುಗಳಲ್ಲಿ ವ್ಯತ್ಯಾಸ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

'ಮೂಲಪತ್ರ ಕಳೆದುಹೋಗಿದೆ' ಎಂಬ ಮಾತು ಬಂದರೆ ದುಪ್ಪಟ್ಟು ಎಚ್ಚರ ಅಗತ್ಯ. ನಿಜವಾಗಿ ಕಳೆದುಕೊಂಡವರೂ ಇರುತ್ತಾರೆ. ಆದರೆ ಬ್ಯಾಂಕಿನಲ್ಲಿ ಒತ್ತೆಯಿಟ್ಟವರೂ ಇದೇ ಮಾತನ್ನು ಹೇಳುತ್ತಾರೆ. ಪೊಲೀಸ್ ದೂರಿನ ಪ್ರತಿ ಮತ್ತು ಪತ್ರಿಕಾ ಪ್ರಕಟಣೆ ಇವೆ ಎಂದಷ್ಟಕ್ಕೆ ತೃಪ್ತರಾಗದೆ, ಸೆರ್ಸಾಯ್ ಶೋಧನೆ ನಡೆಸಿ, ಖರೀದಿದಾರರೇ ತಮ್ಮ ವಕೀಲರ ಮೂಲಕ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆಗಳನ್ನು ಆಹ್ವಾನಿಸುವುದು ಲೇಸು.

ಮೂಲ ಕ್ರಯಪತ್ರದ ಬದಲಿಗೆ ಜಿಪಿಎ ತೋರಿಸಿ ಮಾರಲು ಬರುವವರ ವಿಷಯದಲ್ಲಿಯೂ ಜಾಗ್ರತೆ ಬೇಕು. ಜಿಪಿಎ, ಕರಾರುಪತ್ರ ಮತ್ತು ಉಯಿಲುಗಳ ಮೂಲಕ ನಡೆಯುವ 'ಮಾರಾಟ'ದಿಂದ ಸ್ವತ್ತಿನ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಖಾತೆ ಎಂದರೆ ಒಡೆತನವಲ್ಲ

ಖಾತೆ ಇದೆಯಲ್ಲ ಎಂದು ನೆಮ್ಮದಿಪಡುವವರು ಅನೇಕರು. ಖಾತೆಯು ಆಸ್ತಿ ತೆರಿಗೆಯನ್ನು ಯಾರು ಕಟ್ಟಬೇಕು ಎಂಬುದನ್ನು ಗುರುತಿಸುವ ದಾಖಲೆಯೇ ವಿನಾ ಒಡೆತನದ ಪ್ರಮಾಣವಲ್ಲ. ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯಗೊಳಿಸಲಾಗಿದೆ. ಇದರಿಂದ ಒಂದೇ ಸ್ವತ್ತನ್ನು ಹಲವರಿಗೆ ಮಾರುವ ಹಾವಳಿಗೆ ಕಡಿವಾಣ ಬೀಳುತ್ತದೆ ಎಂಬ ಆಶಯವಿದೆ. ಆದರೆ ಸ್ವತ್ತು ಅಡವಿಲ್ಲ ಎಂಬುದನ್ನು ಇ-ಖಾತಾ ಸಾಬೀತುಪಡಿಸುವುದಿಲ್ಲ. ಅಂತೆಯೇ ನೋಂದಣಿ ಕಚೇರಿಯೂ ದಸ್ತಾವೇಜನ್ನು ನೋಂದಾಯಿಸುತ್ತದೆಯೇ ಹೊರತು ಮಾರಾಟಗಾರನ ಹಕ್ಕಿಗೆ ಖಾತರಿ ನೀಡುವುದಿಲ್ಲ.

ಸಾಲವಿರುವ ಮನೆಯನ್ನು ಕೊಳ್ಳಬಹುದೇ?

ಕೊಳ್ಳಬಹುದು. ಸಾಲ ಇರುವುದು ವಂಚನೆಯಲ್ಲ, ಸಾಲವನ್ನು ಮುಚ್ಚಿಡುವುದು ವಂಚನೆ. ಮಾರಾಟಗಾರ ಪ್ರಾಮಾಣಿಕವಾಗಿ ತಿಳಿಸಿದ್ದಲ್ಲಿ ಈ ಕ್ರಮವನ್ನು ಅನುಸರಿಸುವುದು ಸೂಕ್ತ:

1. ಸಾಲ ನೀಡಿದ ಬ್ಯಾಂಕ್ ಶಾಖೆಗೆ ಮಾರಾಟಗಾರನೊಂದಿಗೆ ಖುದ್ದಾಗಿ ಹೋಗಿ, ಬಾಕಿ ಮೊತ್ತದ ಪತ್ರ ಹಾಗೂ ಬ್ಯಾಂಕಿನ ವಶದಲ್ಲಿರುವ ದಾಖಲೆಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು. ಮಧ್ಯವರ್ತಿ ತಂದುಕೊಡುವ ಪತ್ರ ಬೇಡ.

2. ಬಾಕಿ ಸಾಲವೆಷ್ಟು, ಅದನ್ನು ಯಾರು, ಯಾವಾಗ, ಹೇಗೆ ತೀರಿಸುತ್ತಾರೆ ಎಂಬುದನ್ನು ಕ್ರಯದ ಕರಾರುಪತ್ರದಲ್ಲಿ ಬರೆಸಬೇಕು.

3. ಸಾಲದ ಬಾಬತ್ತಿನ ಹಣವನ್ನು ಮಾರಾಟಗಾರನ ಕೈಗೆ ಕೊಡದೆ ನೇರವಾಗಿ ಆತನ ಸಾಲದ ಖಾತೆಗೇ ಜಮಾ ಮಾಡಬೇಕು. ಮೇಲಿನ ನಿದರ್ಶನದಲ್ಲಿ 60 ಲಕ್ಷದ ಪೈಕಿ 35 ಲಕ್ಷ ರೂಪಾಯಿ ಬ್ಯಾಂಕಿಗೆ, ಉಳಿದ 25 ಲಕ್ಷ ರೂಪಾಯಿ ಮಾರಾಟಗಾರನಿಗೆ ಸಂದಿದ್ದರೆ ಯಾವ ತೊಡಕೂ ಇರುತ್ತಿರಲಿಲ್ಲ.

4. ಸಾಲ ತೀರಿದ ಕೂಡಲೇ ತೀರುವಳಿ ಪತ್ರ, ನಿರಾಕ್ಷೇಪಣಾ ಪತ್ರ ಮತ್ತು ಎಲ್ಲ ಮೂಲಪತ್ರಗಳನ್ನು ಬ್ಯಾಂಕಿನಿಂದ ಪಡೆಯಬೇಕು. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಹೊಸ ಋಣಭಾರ ಪತ್ರದಲ್ಲಿ ಅದು ಕಾಣುವುದನ್ನು ಖಚಿತಪಡಿಸಿಕೊಳ್ಳಬೇಕು. ಸೆರ್ಸಾಯ್‌ನಲ್ಲಿನ ನಮೂದೂ ತೆರವಾಗಿರಬೇಕು.

ಮೂಲಪತ್ರ ಮರಳಿಸುವಲ್ಲಿ ಬ್ಯಾಂಕುಗಳ ವಿಳಂಬಕ್ಕೂ ಈಗ ದಂಡವಿದೆ. 2023ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಂತೆ, 2023ರ ಡಿಸೆಂಬರ್ 1ರಿಂದ ಈಚೆಗೆ, ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ತಡವಾದರೆ ಮತ್ತು ತಪ್ಪು ಸಂಸ್ಥೆಯದೇ ಆಗಿದ್ದರೆ ದಿನವೊಂದಕ್ಕೆ 5,000 ರೂಪಾಯಿ ಪರಿಹಾರ ನೀಡಬೇಕು.

ಬಿಲ್ಡರ್ ಅಡವಿಟ್ಟ ಯೋಜನೆ

ಅಪಾರ್ಟ್‌ಮೆಂಟ್ ನಿರ್ಮಾಣಕ್ಕಾಗಿ ಬಿಲ್ಡರ್‌ಗಳು ಇಡೀ ಜಮೀನು ಮತ್ತು ಕಟ್ಟಡವನ್ನು ಅಡವಿಟ್ಟು ಸಾಲ ಪಡೆಯುವುದು ಸಾಮಾನ್ಯ. ಇಂತಹ ಕಡೆ ಫ್ಲ್ಯಾಟ್ ಕೊಳ್ಳುವವರು, ಸಾಲ ನೀಡಿದ ಸಂಸ್ಥೆಯಿಂದ ತಮ್ಮ ಫ್ಲ್ಯಾಟಿನ ಸಂಖ್ಯೆಯನ್ನು ನಮೂದಿಸಿದ ನಿರಾಕ್ಷೇಪಣಾ ಪತ್ರವನ್ನು ತಪ್ಪದೆ ಕೇಳಿ ಪಡೆಯಬೇಕು.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಖರೀದಿದಾರರಿಗೆ ಗಮನಾರ್ಹ ರಕ್ಷಣೆ ನೀಡಿದೆ. 500 ಚದರ ಮೀಟರ್‌ಗಿಂತ ಹೆಚ್ಚಿನ ಜಮೀನಿನಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳುಳ್ಳ ಯೋಜನೆ ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ. ಜಮೀನಿನ ಮೇಲೆ ಋಣಭಾರವಿದ್ದರೆ ನೋಂದಣಿಯ ಹೊತ್ತಿಗೇ ಬಿಲ್ಡರ್ ಅದನ್ನು ಘೋಷಿಸಬೇಕು. ನೋಂದಾಯಿತ ಕರಾರುಪತ್ರವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಆ ಯೋಜನೆಯ ಜಮೀನು ಮತ್ತು ನಿರ್ಮಾಣದ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಫ್ಲ್ಯಾಟಿನ ಮಾರಾಟದ ಕರಾರು ಆದ ನಂತರ ಬಿಲ್ಡರ್ ಅದನ್ನು ಅಡವಿಡುವಂತಿಲ್ಲ. ಇಟ್ಟರೂ ಖರೀದಿದಾರನ ಹಕ್ಕಿಗೆ ಬಾಧೆಯಿಲ್ಲ ಎಂದು 11ನೇ ಕಲಮು ಹೇಳುತ್ತದೆ. ಕರಾರಿನ ದಿನಾಂಕ ಇಲ್ಲಿ ನಿರ್ಣಾಯಕ. ಆದ್ದರಿಂದಲೇ ಕರಾರುಪತ್ರವನ್ನು ನೋಂದಾಯಿಸದೆ ಛಾಪಾಕಾಗದದಲ್ಲಷ್ಟೇ ಬರೆಸಿಕೊಂಡು ಸುಮ್ಮನಿರುವುದು ಅಪಾಯಕರ.

ಸಾಲ ವಸೂಲಿಗೆಂದು ಬ್ಯಾಂಕು ಯೋಜನೆಯನ್ನೇ ವಶಕ್ಕೆ ಪಡೆದ ಪಕ್ಷದಲ್ಲಿ ಗೃಹ ಖರೀದಿದಾರರು ಬ್ಯಾಂಕಿನ ವಿರುದ್ಧ ರೇರಾ ಪ್ರಾಧಿಕಾರಕ್ಕೆ ದೂರು ನೀಡಬಹುದೆಂಬ ರಾಜಸ್ಥಾನ ಹೈಕೋರ್ಟ್ ತೀರ್ಪಿನಲ್ಲಿ ಹಸ್ತಕ್ಷೇಪ ಮಾಡಲು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ನಿರಾಕರಿಸಿತು.

'ಸ್ವಾಧೀನದವರೆಗೆ ಕಂತು ಬೇಡ' ಎಂಬ ಆಮಿಷ

ಮನೆ ಕೈಸೇರುವ ತನಕ ಕಂತನ್ನು ಬಿಲ್ಡರೇ ಕಟ್ಟುತ್ತಾನೆ ಎಂಬ ಜಾಹೀರಾತುಗಳು ಆಕರ್ಷಕವಾಗಿರುತ್ತವೆ. ಆದರೆ ಸಾಲದ ಒಪ್ಪಂದಕ್ಕೆ ಸಹಿ ಹಾಕಿದವನು ಖರೀದಿದಾರ. ಬಿಲ್ಡರ್ ಕಂತು ನಿಲ್ಲಿಸಿದ ದಿನ ಬ್ಯಾಂಕು ಬರುವುದು ಖರೀದಿದಾರನ ಮನೆ ಬಾಗಿಲಿಗೇ. ನಿರ್ಮಾಣದ ಹಂತಕ್ಕೆ ತಕ್ಕಂತೆ ಮಾತ್ರ ಸಾಲದ ಹಣ ಬಿಡುಗಡೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಸೂಚಿಸಿತ್ತು. ಇಂತಹ ಯೋಜನೆಗಳಿಗೆ ಸಾಲ ನೀಡದಂತೆ ರಾಷ್ಟ್ರೀಯ ವಸತಿ ಬ್ಯಾಂಕ್ 2019ರಲ್ಲಿ ಗೃಹಸಾಲ ಸಂಸ್ಥೆಗಳಿಗೆ ತಿಳಿಸಿತು. ದೆಹಲಿ ಸುತ್ತಮುತ್ತ ಈ ಬಗೆಯ ಯೋಜನೆಗಳಲ್ಲಿ ಮನೆಯೂ ಸಿಗದೆ ಕಂತಿನ ಹೊರೆ ಹೊತ್ತ ಖರೀದಿದಾರರ ಅರ್ಜಿಗಳ ಮೇಲೆ, ಬಿಲ್ಡರ್ ಮತ್ತು ಬ್ಯಾಂಕುಗಳ ನಡುವಣ ನಂಟಿನ ಕುರಿತು ಸಿಬಿಐ ತನಿಖೆಗೆ ಸುಪ್ರೀಂ ಕೋರ್ಟ್ 2025ರಲ್ಲಿ ಆದೇಶಿಸಿತು. ನಮ್ಮ ರಾಜ್ಯದ ಖರೀದಿದಾರರಿಗೂ ಇದು ಪಾಠ. ಪ್ರತಿ ಕಂತಿನ ಹಣ ಬಿಡುಗಡೆಗೆ ಮುನ್ನ ನಿವೇಶನಕ್ಕೆ ಹೋಗಿ ಕಾಮಗಾರಿಯನ್ನು ನೋಡಿ, ತಮ್ಮ ಲಿಖಿತ ಸಮ್ಮತಿಯ ನಂತರವೇ ಹಣ ಬಿಡುಗಡೆಯಾಗಬೇಕೆಂದು ಬ್ಯಾಂಕಿಗೆ ಪತ್ರ ಬರೆಯುವುದು ಒಳಿತು.

ಮನೆಯಲ್ಲಿ ಯಾರಿದ್ದಾರೆ?

ಕೊಳ್ಳುವ ಮನೆಯಲ್ಲಿ ವಾಸವಿರುವವರು ಯಾರು, ಯಾವ ಆಧಾರದ ಮೇಲೆ ಇದ್ದಾರೆ ಎಂಬುದನ್ನು ವಿಚಾರಿಸದೆ ವ್ಯವಹಾರ ಮುಗಿಸಬಾರದು. ಬೆಂಗಳೂರಿನಂಥ ನಗರಗಳಲ್ಲಿ ಭೋಗ್ಯದ ಪದ್ಧತಿ ಪ್ರಚಲಿತವಾಗಿದೆ. ಮಾಲೀಕನಿಗೆ ಒಟ್ಟಾಗಿ ಹಲವು ಲಕ್ಷ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸುತ್ತಿರುವ ಕುಟುಂಬ ತನ್ನ ಹಣ ಮರಳುವವರೆಗೆ ಮನೆ ಬಿಟ್ಟುಕೊಡಲು ಒಪ್ಪುವುದಿಲ್ಲ. ಸ್ವತ್ತಿನ ಸ್ವಾಧೀನದಲ್ಲಿ ಇರುವವರ ಹಕ್ಕು ಖರೀದಿದಾರನಿಗೆ ತಿಳಿದಿತ್ತೆಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮು ಭಾವಿಸುತ್ತದೆ. ವಾಸವಿರುವವರನ್ನೂ ನೆರೆಹೊರೆಯವರನ್ನೂ ಅಪಾರ್ಟ್‌ಮೆಂಟ್ ಸಂಘದವರನ್ನೂ ಒಮ್ಮೆ ಮಾತನಾಡಿಸಿದರೆ, ಕಾಗದಗಳು ಹೇಳದ ಎಷ್ಟೋ ವಿಷಯ ಹೊರಬೀಳುತ್ತದೆ.

ಬ್ಯಾಂಕು ಸಾಲ ಕೊಟ್ಟಿತೆಂದು ಮೈಮರೆಯದಿರಿ

'ಬ್ಯಾಂಕಿನವರೇ ಸಾಲ ಮಂಜೂರು ಮಾಡಿದ ಮೇಲೆ ದಾಖಲೆ ಸರಿಯಾಗಿಯೇ ಇರಬೇಕು' ಎಂಬುದು ಹಲವರ ನಂಬಿಕೆ. ಬ್ಯಾಂಕಿನ ವಕೀಲರು ಪರಿಶೀಲಿಸುವುದು ಬ್ಯಾಂಕಿನ ಹಿತಕ್ಕಾಗಿ. ಅವರ ಅಭಿಪ್ರಾಯ ತಪ್ಪಾದರೆ ಖರೀದಿದಾರನ ಮೇಲಿನ ಸಾಲ ಮನ್ನಾ ಆಗದು. ಬಿಲ್ಡರ್ ಅಥವಾ ಮಧ್ಯವರ್ತಿ ಸೂಚಿಸಿದ ವಕೀಲರ ಬದಲಿಗೆ ಸ್ವತಂತ್ರ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯುವುದಕ್ಕೆ ತಗಲುವ ವೆಚ್ಚ, ಮನೆಯ ಬೆಲೆಯ ಮುಂದೆ ತೀರಾ ಅಲ್ಪ.

ಸಾಲದ ಅರ್ಜಿಯ ಖಾಲಿ ಹಾಳೆಗಳಿಗೆ ಸಹಿ ಹಾಕಬಾರದು. ಆಧಾರ್, ಪ್ಯಾನ್ ಪ್ರತಿಗಳ ಮೇಲೆ ಯಾವ ಉದ್ದೇಶಕ್ಕೆ ನೀಡಲಾಗಿದೆ ಎಂಬುದನ್ನು ಬರೆದು ಸಹಿ ಮಾಡಬೇಕು. ಹೆಚ್ಚು ಸಾಲ ಸಿಗಲೆಂದು ಮನೆಯ ಬೆಲೆಯನ್ನೋ ತಮ್ಮ ಆದಾಯವನ್ನೋ ಏರಿಸಿ ತೋರಿಸುವ ಸಲಹೆಯನ್ನು ಒಪ್ಪಿದರೆ ಖರೀದಿದಾರನೇ ಆರೋಪಿಯಾಗುವ ಸಂಭವವುಂಟು. ತಮ್ಮ ಹೆಸರಿನಲ್ಲಿ ಬೇರಾರಾದರೂ ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ಪಡೆಯುವ ಅವಕಾಶವಿದೆ.

ಹಣವನ್ನು ನಗದಾಗಿ ಕೊಡುವ ಪದ್ಧತಿಯೂ ವಂಚಕರಿಗೆ ವರದಾನ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಾಗದದ ಮೇಲೆ ಇಲ್ಲದ ಹಣವನ್ನು ನಾಳೆ ನ್ಯಾಯಾಲಯದಲ್ಲಿ ಮರಳಿ ಕೇಳುವುದು ಕಷ್ಟ.

ಮೋಸ ಹೋದ ಮೇಲೆ

ಎಲ್ಲ ಎಚ್ಚರಗಳ ನಡುವೆಯೂ ವಂಚನೆ ನಡೆದಲ್ಲಿ ಕಾಲಹರಣ ಸಲ್ಲದು. ಬ್ಯಾಂಕಿನ ನೋಟಿಸ್ ಬಾಗಿಲಿಗೆ ಬಿದ್ದರೆ ಅದನ್ನು ಹರಿದೆಸೆಯದೆ ದಿನಾಂಕ ಗುರುತಿಸಿಕೊಂಡು ತಕ್ಷಣ ವಕೀಲರನ್ನು ಕಾಣಬೇಕು. ಸ್ವತ್ತನ್ನು ವಶಪಡಿಸಿಕೊಳ್ಳುವ ಕ್ರಮದಿಂದ ಬಾಧಿತರಾದವರು, ಸಾಲಗಾರರಲ್ಲದಿದ್ದರೂ, 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಸರ್ಫೇಸಿ ಕಾಯ್ದೆಯ 17ನೇ ಕಲಮು ಅವಕಾಶ ನೀಡುತ್ತದೆ. ಈ ಗಡುವು ಮೀರಿದರೆ ದಾರಿ ದುರ್ಗಮವಾಗುತ್ತದೆ.

ಮಾರಾಟಗಾರನ ವಿರುದ್ಧ ವಂಚನೆ ಮತ್ತು ಖೋಟಾ ದಾಖಲೆ ಸೃಷ್ಟಿಯ ದೂರನ್ನು ಪೊಲೀಸರಿಗೆ ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ, ಮೋಸದಿಂದ ಹಣ ಅಥವಾ ಸ್ವತ್ತು ಪಡೆದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಣ ವಾಪಸಾತಿಗೆ ಸಿವಿಲ್ ದಾವೆ ಪ್ರತ್ಯೇಕವಾಗಿ ಹೂಡಬೇಕು. ಬಿಲ್ಡರ್‌ನಿಂದ ಅನ್ಯಾಯವಾದರೆ ಕರ್ನಾಟಕ ರೇರಾ ಪ್ರಾಧಿಕಾರದಲ್ಲಿ ಆನ್‌ಲೈನ್ ಮೂಲಕ ದೂರು ದಾಖಲಿಸಬಹುದು.

ಆದರೆ ಮೊಕದ್ದಮೆಗಳು ವರ್ಷಗಟ್ಟಲೆ ಸಾಗುತ್ತವೆ. ಅಷ್ಟೂ ಕಾಲ ಗೃಹಸಾಲದ ಕಂತು ನಿಲ್ಲುವುದಿಲ್ಲ. ಮೂಲಪತ್ರ, ಮೂವತ್ತು ವರ್ಷಗಳ ಋಣಭಾರ ಪತ್ರ, ಸೆರ್ಸಾಯ್ ಶೋಧನೆ, ಸ್ವತಂತ್ರ ವಕೀಲರ ಅಭಿಪ್ರಾಯ - ಈ ನಾಲ್ಕೂ ಕೈಸೇರುವವರೆಗೆ ಮುಂಗಡದ ಚೆಕ್ಕಿಗೆ ಸಹಿ ಹಾಕದಿರುವುದು ವಿವೇಕ. 'ಇವತ್ತೇ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ' ಎಂದು ಅವಸರಪಡಿಸುವ ಮಾರಾಟಗಾರನಿಗೆ, ಹಾಗಾದರೆ ಹೋಗಲಿ ಎನ್ನುವ ಧೈರ್ಯ ಖರೀದಿದಾರನಿಗೆ ಇರಬೇಕು.